ಅಗೆಯುವ ಸಪ್ಪಳ

ಬನಹಟ್ಟಿಯ ನೇಕಾರರ ಮನೆಯಲ್ಲಿ ದೇವರಿಗೆ ಎರಡು ಜಾಗ. ಒಂದು ಜಗುಲಿ, ಇನ್ನೊಂದು ಮಗ್ಗದ ಕುಣಿ. ನೆಲದಲ್ಲಿ ಮೊಳಕಾಲು ಮುಳುಗುವಷ್ಟು ತೋಡಿದ ಆ ಕುಣಿಯ ಅಂಚಿಗೆ ನೇಕಾರ ಕೂಡುತ್ತಾನೆ. ಒಳಗೆ ಇಳಿಬಿಟ್ಟ ಕಾಲು ತುಳಿಯುತ್ತದೆ, ಮೇಲೆ ಕೈ ಲಾಳಿ ಓಡಿಸುತ್ತದೆ. ಅಜ್ಜ ತೋಡಿದ ಕುಣಿಯಲ್ಲಿ ಮೊಮ್ಮಗ ಕಾಲು ಬಿಟ್ಟು ಅನ್ನ ಕಾಣುತ್ತಾನೆ. ಅಮಾವಾಸ್ಯೆಗೊಮ್ಮೆ ಊರ ಮಗ್ಗಗಳೆಲ್ಲ ನಿಲ್ಲುತ್ತವೆ. ಅಂದು ಕುಣಿಯನ್ನು ಗುಡಿಸಿ, ಸಾರಿಸಿ, ವಿಭೂತಿ ಹಚ್ಚಿ, ಒಂದು ಹೂವಿಟ್ಟು ಕೈಮುಗಿಯುತ್ತಾರೆ. ಕುಣಿಗೆ ಮಣ್ಣು ಹಾಕುವ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಹಾಕಿದರೆ, ಆ ಮನೆಯಲ್ಲಿ ದೀಪ ಹಚ್ಚುವವರು ಯಾರೂ ಉಳಿದಿಲ್ಲವೆಂದು ಊರಿಗೆ ಸಾರಿದಂತೆ.

ಅಂಥ ಕುಣಿಗೆ, ಅದೂ ಅಮಾವಾಸ್ಯೆಯ ಬೆಳಗಿನಲ್ಲಿ, ಹೊಳೆವ್ವ ಕೈಯಾರೆ ಮಣ್ಣು ಹಾಕಿದಳು. ಗಂಡ ಬದುಕಿರುವಾಗಲೇ ಹಾಕಿದಳು. ಅವನು ಬದುಕಲಿ ಎಂದೇ ಹಾಕಿದಳು.

ಅವಳ ಗಂಡ ಮುರಗೆಪ್ಪ ದೊಡ್ಡ ಲಡಾಯಿಯ ಕಾಲಕ್ಕೆ ಕಡಲಾಚೆಯ ಬಸ್ರಾಕ್ಕೆ ಹೋಗಿ ಬಂದವನು. ವಿಲಾಯತಿ ನೂಲು ಬರುವುದು ನಿಂತು ಓಣಿಯ ಮಗ್ಗಗಳೆಲ್ಲ ಸುಮ್ಮನೆ ಕೂತ ವರ್ಷ ಜಮಖಂಡಿ ಸಂಸ್ಥಾನದಲ್ಲಿ ಸೈನ್ಯ ಭರ್ತಿಯ ಡಂಗುರ ಸಾರಿದರು. ಬಂದೂಕು ಹಿಡಿಯುವವರಷ್ಟೇ ಅಲ್ಲ, ಗುದ್ದಲಿ ಹಿಡಿದು ಕಂದಕ ತೋಡುವವರೂ ಬೇಕಾಗಿದ್ದರು. "ಹುಟ್ಟಿದಾಗಿಂದ ಕುಣ್ಯಾಗ ಕುಂತಾಂವ ನಾ. ನನಗ ಕುಣಿ ತೋಡೂದೇನ ಹೇಳಿಕೊಡತಾರ ಅವರು?" ಎಂದು ನಗುತ್ತ ಹೋದ. ಲಡಾಯಿ ಮುಗಿದ ಮೇಲೆ ತಿರುಗಿ ಬಂದ. ನಗು ಅಲ್ಲೇ ಉಳಿದಿತ್ತು.

ಮೈಮೇಲೆ ಗಾಯವಿರಲಿಲ್ಲ, ಕೈಕಾಲು ನೆಟ್ಟಗಿದ್ದವು. ಆದರೆ ಮಾಳಿಗೆಯ ಕೆಳಗೆ ನಿಲ್ಲಲಾರ. ಉಣ್ಣುವುದು ಹೊರಗಿನ ಕಟ್ಟೆಯ ಮೇಲೆ, ಮಲಗುವುದೂ ಅಲ್ಲೇ. ಮಳೆ ಬಂದರೆ ಬೇವಿನ ಗಿಡದ ಬುಡದಲ್ಲಿ ಕಂಬಳಿ ಹೊದ್ದು ಕೂಡುತ್ತಿದ್ದ. ಕೂತಲ್ಲಿ ಬೆರಳುಗಳು ಸುಮ್ಮನಿರುತ್ತಿರಲಿಲ್ಲ, ನೆಲ ಕೆದರುತ್ತಿದ್ದವು. ಅವನು ಎದ್ದು ಹೋದ ಮೇಲೆ ನೋಡಿದರೆ ಅಲ್ಲೊಂದು ಗುಂಡಿ ಇರುತ್ತಿತ್ತು, ಕೋಳಿ ಕೆದರಿದ್ದಕ್ಕಿಂತ ಆಳ. ಎರಡು ವರ್ಷವಾಯಿತು, ಅವನ ಉಗುರುಗಳು ಪೂರ್ತಿ ಬೆಳೆದದ್ದನ್ನು ಹೊಳೆವ್ವ ಕಾಣಲಿಲ್ಲ.

ಪಕ್ಕದ ಮನೆಯ ಸುಂದರವ್ವನ ನಾಲಿಗೆ ಹರಿತ, ಮನಸ್ಸು ಮೆತ್ತಗೆ. "ಹೊಳೆವ್ವಾ, ನಿನ್ನ ಗಂಡಗ ಹೇಳ. ಕೆದರೂದ ಇದ್ರ ನಮ್ಮ ಹಿತ್ತಲಕ್ಕ ಬಂದ ಕೆದರಲಿ. ಒಂದು ಬಾವಿನರ ಆದೀತು. ಕೊಡಾ ಹೊತ್ತು ಹೊತ್ತು ನನ್ನ ನಡಾ ಬಿದ್ದೈತಿ," ಎನ್ನುವಳು. ಹೊಳೆವ್ವ ನಗುತ್ತಿದ್ದಳು. ಅವಳನ್ನು ನಗಿಸುವವರು ಓಣಿಯಲ್ಲಿ ಸುಂದರವ್ವ ಒಬ್ಬಳೇ. ಉಳಿದವರು, ಹೂತ ಹೊನ್ನು ಕಾಯುವ ದೆವ್ವ ಅವನಿಗೆ ಬಡಿದಿದೆ ಎಂದು ಮಾತಾಡಿಕೊಂಡು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ಉಪಚಾರ ಮಾಡಿಸದೆ ಬಿಟ್ಟಿರಲಿಲ್ಲ. ಜಮಖಂಡಿಯ ಡಾಕ್ಟರು ಒಳ್ಳೆಯ ಮಾತಾಡಿ ಔಷಧ ಕೊಟ್ಟರು. ಮುರಗೆಪ್ಪ ಸೀಸೆಯನ್ನು ಬೇವಿನ ಬುಡಕ್ಕೆ ಸುರಿದು, ತೊಳೆದು, ಕಟ್ಟೆಯ ಮೇಲೆ ಬೋರಲಿಟ್ಟ. ಮಠದ ಅಯ್ಯನವರು ತಾಯಿತ ಕೊಟ್ಟರು. ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಅವರ ಪಾದದ ಹತ್ತಿರ ತಿರುಗಿ ಇಟ್ಟ. ಸಿಟ್ಟಿಲ್ಲ, ಜಗಳವಿಲ್ಲ. ಬೇಡ, ಅಷ್ಟೇ.

"ಏನಾಗೇತಿ ಅಂತನರ ಹೇಳ್ರಿ ನನ್ನ ಮುಂದ," ಎಂದು ಹೊಳೆವ್ವ ಒಮ್ಮೆ ಕೇಳಿದಳು.

"ಏನೂ ಆಗಿಲ್ಲ. ಆಗಿದ್ದು ನನಗಲ್ಲ."

"ಮತ್ತ ಯಾರಿಗ್ರಿ?"

ಅವನ ಬೆರಳು ಅಂಗಳದ ಮಣ್ಣು ಕೆದರತೊಡಗಿತು. ಶಿವನೇ, ಇವನ ಬಾಯಿಗೆ ಹಾಕಿದ ಅಗಳಿಯನ್ನು ನೀನೇ ತೆಗೆಯಬೇಕು ಎಂದುಕೊಂಡು ಹೊಳೆವ್ವ ಒಳಗೆ ಹೋಗಿ ಲಿಂಗಕ್ಕೆ ನೀರೆರೆದಳು.

ಹೀಗೇ ಕಾಲ ಹೋಗುತ್ತಿತ್ತು. ಅಷ್ಟರಲ್ಲಿ ಒಂದು ಸಂಜೆ ಸುಂದರವ್ವನ ಮೊಮ್ಮಗಳು ಉಸುಕಿನ ಗುಡ್ಡೆಯಲ್ಲಿ ಕಾಲು ಹೂತುಕೊಂಡು ಗುಬ್ಬಿಗೂಡು ಕಟ್ಟುತ್ತಿದ್ದಳು. ಕಟ್ಟೆಯ ಮೇಲಿದ್ದ ಮುರಗೆಪ್ಪ ಅದನ್ನು ಕಂಡವನೇ ಹಾರಿಬಿದ್ದು ಓಡಿದ. ಕೂಸಿನ ರಟ್ಟೆ ಹಿಡಿದು ಎಳೆದ ರಭಸಕ್ಕೆ ಅದರ ತೋಳಿನ ಕೀಲು ತಪ್ಪಿತು. ಕೀಲು ಕೂಡಿಸುವವರು ಕೂಡಿಸಿದರು, ಕೂಸು ಮರುದಿನವೇ ಆಟಕ್ಕೆ ಬಂತು. ಆದರೆ ಓಣಿ ಹೆದರಿತು.

ಓಣಿಯ ಹಿರಿಯ ಗಿರಿಮಲ್ಲಪ್ಪ, ಮುರಗೆಪ್ಪನಿಗೆ ದೊಡ್ಡಪ್ಪ. ಅಪ್ಪನಿಲ್ಲದ ಹುಡುಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಲಾಳಿ ಹಿಡಿಸಿದವನು. ಅವನೇ ಬಂದು, ಹೊಳೆವ್ವನ ಮುಖ ನೋಡದೆ ಹೇಳಿದ.

"ಯವ್ವಾ, ಹೊಳೀ ಆಚಿ ದಂಡಿಗೆ ದೆವ್ವ ಬಿಡಸೂ ಮನಷ್ಯಾ ಒಬ್ಬಾಂವ ಅದಾನ. ಕಂಬಕ್ಕ ಕಟ್ಟಿ, ಹೊಗಿ ಹಾಕಿ ಬಿಡಸ್ತಾನ. ಅಮಾಸಿ ದಿವಸ ಚಕ್ಕಡಿ ಹೂಡಿಕೊಂಡ ಬರತೇನಿ."

"ಬ್ಯಾಡ್ರಿ ಮಾವಾರ. ಅವರು ಒಲ್ಲೆ ಅಂತಾರ."

"ಒಲ್ಲೆ ಅಂದ್ರ ಹಗ್ಗಾ ಹಾಕಿ ಒಯ್ಯೂದು. ನನಗೇನು ಸಂತೋಷ ಐತೇನಬೇ? ನಾಳೆ ಯಾರದರ ಕೂಸು ಸತ್ತ್ರ ಆವಾಗ ಓಣಿ ಅಂವನ್ನ ಬಿಡತೈತೇನು? ಅಂವ ಒಳಗ ಬಂದು, ಎಲ್ಲಾರಂಗ ಮನ್ಯಾಗ ಕುಂತು ಉಂಡಾ ಅಂದ್ರ ಹೇಳ. ಚಕ್ಕಡಿ ತಿರುಗಿಸಿಕೊಂಡ ಹೋಗತೇನಿ."

ಕಟ್ಟೆಯ ಮೇಲಿದ್ದ ಮುರಗೆಪ್ಪನಿಗೆ ಎಲ್ಲ ಕೇಳಿಸಿತ್ತು. ದೊಡ್ಡಪ್ಪ ಹೋದ ಮೇಲೆ ತಾನಾಗಿ ಹೆಂಡತಿಯನ್ನು ಕರೆದ. "ಹೊಳೆವ್ವಾ, ನನ್ನ ಕೈ ಹಿಡಿಯಾಕ ಬಿಡಬ್ಯಾಡ ಅವರಿಗೆ. ಹಿಡದು ಎಳದ್ರ ನಾ ಉಳಿಯೂದಿಲ್ಲ." ಬೆದರಿಕೆಯ ದನಿಯಲ್ಲ. ನಾಳೆ ಬಿಸಿಲು ಬೀಳುತ್ತದೆ ಎನ್ನುವಂತೆ ಹೇಳಿದ. ಅವನು ಸುಳ್ಳಾಡುವವನಲ್ಲವೆಂದು ಅವಳಿಗೆ ಗೊತ್ತಿತ್ತು. ಅಂದಿನಿಂದ ಹೊಳೆವ್ವನಿಗೆ ಒಂದೇ ಧ್ಯಾನ: ಅಮಾವಾಸ್ಯೆಯೊಳಗೆ ಇವನನ್ನು ಹೊಸ್ತಿಲು ದಾಟಿಸಿ ಒಳಗೆ ತರಬೇಕು.

ಅವನು ಕೆಲವೊಮ್ಮೆ ಹೊಸ್ತಿಲತನಕ ಬರುತ್ತಿದ್ದ. ಬಂದು ನಿಂತರೆ ಕಣ್ಣು ನೇರವಾಗಿ ಮಗ್ಗದ ಕುಣಿಗೆ ಹೋಗುತ್ತಿತ್ತು. ಹಣೆಯಲ್ಲಿ ಬೆವರು ಮೂಡುತ್ತಿತ್ತು, ಹಿಂದಕ್ಕೆ ಹೋಗುತ್ತಿದ್ದ. ಇದನ್ನು ಎಷ್ಟೋ ಸಲ ನೋಡಿದ್ದ ಹೊಳೆವ್ವ ತನಗೆ ತಿಳಿದಂತೆ ಲೆಕ್ಕ ಹಾಕಿದಳು. ಅವನನ್ನು ಹೆದರಿಸುತ್ತಿರುವುದು ಆ ತಗ್ಗು. ತಗ್ಗು ಇಲ್ಲದಿದ್ದರೆ ಹೆದರಿಕೆಯೂ ಇಲ್ಲ. ಮನೆತನ ಮುಗಿಯಿತೆಂದು ಜನ ಅಂದುಕೊಂಡರೆ ಅಂದುಕೊಳ್ಳಲಿ. ಮಗ್ಗವಿಲ್ಲದಿದ್ದರೆ ಬೇರೆಯವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಹೊಟ್ಟೆ ಹೊರೆದರಾಯಿತು. ಮನುಷ್ಯ ಉಳಿಯಬೇಕಲ್ಲ.

ಅಮಾವಾಸ್ಯೆಯ ಬೆಳಗು. ಓಣಿಯಲ್ಲಿ ಒಂದು ಮಗ್ಗವೂ ಉಲಿಯುತ್ತಿರಲಿಲ್ಲ. ಹೊಳೆವ್ವ ಮಿಂದು, ಕುಣಿಯನ್ನು ಗುಡಿಸಿ, ವಿಭೂತಿ ಹಚ್ಚಿ, ಕಣಗಿಲ ಹೂವಿಟ್ಟಳು. "ತಪ್ಪಾತು ನಮ್ಮಪ್ಪಾ, ಹೊಟ್ಟ್ಯಾಗ ಹಾಕ್ಕೋ," ಎಂದು ಹಣೆ ಹಚ್ಚಿದಳು. ಕುಣಿಯಿಲ್ಲದ ಮೇಲೆ ಲಾಳಿಗೇನು ಕೆಲಸ? ಮಾವನ ಕಾಲದ, ಅಂಗೈಯಲ್ಲಿ ತಿಕ್ಕಿ ತಿಕ್ಕಿ ಹುಣಸೆಬೀಜದಂತೆ ಹೊಳೆಯುತ್ತಿದ್ದ ಲಾಳಿಯನ್ನೂ ಕುಣಿಯೊಳಗೆ ಹೂವಿನ ಪಕ್ಕಕ್ಕಿಟ್ಟಳು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹಾಕಿ ಮಿಕ್ಕಿದ್ದ ಹಾಳುಮಣ್ಣಿನ ಗುಡ್ಡೆ ಹಿತ್ತಲಲ್ಲಿತ್ತು. ಬುಟ್ಟಿ ಬುಟ್ಟಿ ಹೊತ್ತು ತಂದು ಸುರಿದಳು, ನೀರು ಚಿಮುಕಿಸಿದಳು, ಕಾಲಿನಿಂದ ತುಳಿದು ನೆಲಕ್ಕೆ ಸರಿಮಾಡಿದಳು. ಅಳು ಬಂತು, ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದಳು.

"ಬರ್ರಿ, ಒಳಗ ಬರ್ರಿ. ಕುಣಿ ಇಲ್ಲ ಈಗ. ಅದನ್ನ ಮುಚ್ಚೇನಿ ನಾ."

ಮುರಗೆಪ್ಪ ಹೊಸ್ತಿಲಿಗೆ ಬಂದ. ಮಗ್ಗದ ಕೆಳಗೆ ಹಸಿ ಮಣ್ಣು ಚಪ್ಪಟೆಯಾಗಿ ಕೂತಿತ್ತು, ಅದರ ಮೇಲೆ ಹೊಳೆವ್ವನ ಹೆಜ್ಜೆಗಳು ಮೂಡಿದ್ದವು.

"ಯಾರ ಮ್ಯಾಲ ಹಾಕಿದಿ?" ಎಂದ.

ಅವಳು ಬಾಯಿ ತೆರೆಯುವುದರೊಳಗೆ ಅವನು ಎರಡು ವರ್ಷದಿಂದ ದಾಟದ ಹೊಸ್ತಿಲನ್ನು ದಾಟಿಬಿಟ್ಟಿದ್ದ. ಮೊಳಕಾಲೂರಿ ಬಿದ್ದ, ಎರಡೂ ಕೈಯಿಂದ ಮಣ್ಣು ಅಗೆಯತೊಡಗಿದ. "ಬಂದೆ, ಬಂದೆ," ಎನ್ನುತ್ತಿದ್ದ.

ಹೊಳೆವ್ವ ಗೋಡೆ ಹಿಡಿದು ನಿಂತಳು. ತಾನು ಎಂಥ ತಪ್ಪು ಮಾಡಿದೆನೆಂದು ಆ ಕ್ಷಣಕ್ಕೆ ತಿಳಿಯಿತು. ಅವನು ಹೆದರಿದ್ದು ತಗ್ಗಿಗಲ್ಲ, ತಗ್ಗು ಮುಚ್ಚುವುದಕ್ಕೆ. ಕುಣಿಯನ್ನು ನೋಡಿದಾಗೆಲ್ಲ ಅವನಿಗೆ ಮಣ್ಣು ಬೀಳುವುದೇ ಕಾಣುತ್ತಿತ್ತು, ಮತ್ತು ತಾನು ಅದನ್ನೇ ಮಾಡಿ ತೋರಿಸಿದ್ದಳು. ಒಳಗೆ ಯಾರೂ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಗ ಇನ್ನೊಂದು ಮಾತು ನೆನಪಾಯಿತು: ಆಗಿದ್ದು ನನಗಲ್ಲ. ಅವಳು ಬಂದ ಮಾತನ್ನು ನುಂಗಿದಳು. ಸೆರಗು ಸಿಕ್ಕಿಸಿ, ಅವನ ಎದುರಿಗೆ ಮೊಳಕಾಲೂರಿದಳು.

"ಯಾರದಾರ್ರಿ ಒಳಗ?"

"ಬಂಡು."

"ಯಾವ ಬಂಡು?"

"ತೇರದಾಳದ ಬಂಡು. ಒಂದ ಕಂಬಳ್ಯಾಗ ಮಲಗತಿದ್ವಿ. ಕಂದಕದ ದಂಡಿ ಕುಸದು ಮ್ಯಾಲ ಬಿತ್ತು."

"ತಲಿ ಯಾವ ಕಡಿಗೈತಿ?"

ಅವನ ಕೈ ಒಂದು ಗಳಿಗೆ ನಿಂತಿತು. ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. "ಈ ಕಡಿಗೆ," ಎಂದ.

"ಹಂಗಾರ ನೀವು ತಲೀ ಕಡಿ ಅಗೀರಿ. ನಾ ಕಾಲ ಕಡಿ ತಗೀತೇನಿ."

ಗಂಡ ಹೆಂಡತಿ ಎದುರುಬದುರು ಕೂತು ಅಗೆಯುತ್ತಿರುವಾಗ ಹೊರಗೆ ಚಕ್ಕಡಿಯ ಗಾಲಿ ನಿಂತ ಸಪ್ಪಳವಾಯಿತು. ಗಿರಿಮಲ್ಲಪ್ಪ ಒಳಗೆ ಬಂದ, ಹೆಗಲ ಮೇಲೆ ಹೊಸ ಸೆಣಬಿನ ಹಗ್ಗ. ಹಿಂದೆ ಇಬ್ಬರು ಗಟ್ಟಿಮುಟ್ಟಾದ ಗಂಡಾಳುಗಳು. ಮುಚ್ಚಿದ ಕುಣಿಯನ್ನೂ ಅದರ ಮೇಲೆ ಕೂತವರನ್ನೂ ಕಂಡು ಮುದುಕನ ಕೈ ಎದೆಗೆ ಹೋಯಿತು.

"ಅಮಾಸಿ ದಿನ ಕುಣಿಗೆ ಮಣ್ಣ ಹಾಕಿರೇನ? ನಮ್ಮಪ್ಪ ತೋಡಿದ ಕುಣಿ ಅದು. ಹಿಡೀರ್ಲೇ ಅಂವನ್ನ."

ಆಳುಗಳು ಮುಂದೆ ಬಂದರು. ಮುರಗೆಪ್ಪ ತಲೆ ಎತ್ತಲಿಲ್ಲ. ಅವನ ಬೆನ್ನು ಮಾತ್ರ ಹೊಡೆತಕ್ಕೆ ಕಾದ ದನದ ಬೆನ್ನಿನಂತೆ ನಡುಗಿತು. ಹೊಳೆವ್ವ ಎದ್ದು ನಡುವೆ ನಿಂತಳು. ಕೂದಲಲ್ಲಿ ಮಣ್ಣು, ಮೊಳಕೈತನಕ ಮಣ್ಣು.

"ಮಾವಾರ, ಕೈ ಮುಟ್ಟಬ್ಯಾಡ್ರಿ. ಒಳಗ ಒಬ್ಬಾಂವ ಸಿಕ್ಕೊಂಡಾನ. ಅಂವನ್ನ ತಗದ ಮ್ಯಾಲ ಬೇಕಾದ್ರ ನಮ್ಮಿಬ್ಬರಿಗೂ ಹಗ್ಗಾ ಹಾಕಿ ಒಯ್ರಿ."

"ನಿನಗೂ ತಲಿ ಕೆಟ್ಟಿತೇನು ತಂಗಿ? ಯಾರದಾರ ಅಲ್ಲಿ?"

"ನಿಮಗ ಕಾಣಂಗಿಲ್ಲರಿ. ನನಗೂ ಕಾಣಂಗಿಲ್ಲ. ಅವರಿಗೆ ಕಾಣತೈತಿ. ಎರಡು ವರ್ಷಾತು, ಒಬ್ಬರ ಅಗೀಯಾಕತ್ತಾರ. ಕೈ ಹಚ್ಚಿದವರು ಯಾರೂ ಇಲ್ಲ."

ಗಿರಿಮಲ್ಲಪ್ಪ ಅವಳ ಕಣ್ಣಲ್ಲಿ ಹುಚ್ಚು ಹುಡುಕಿದ. ಸಿಗಲಿಲ್ಲ. ಕೈಸನ್ನೆ ಮಾಡಿ ಆಳುಗಳನ್ನು ನಿಲ್ಲಿಸಿದ.

ಸುದ್ದಿ ಓಣಿಗೆ ಹಬ್ಬಿತು. ಜನ ಬಂದು ಬಾಗಿಲಲ್ಲಿ, ಗೋಡೆಗುಂಟ ನಿಂತರು. ಬೈಯಲು ಬಂದವರೂ ಇದ್ದರು, ನೋಡಲು ಬಂದವರೂ ಇದ್ದರು. ಬಂದವರು ಮೊದಲು ಪಿಸುಗುಟ್ಟಿದರು, ಆಮೇಲೆ ಅದೂ ನಿಂತಿತು. ಊರಿನ ಮಗ್ಗಗಳೆಲ್ಲ ಮೌನವಾಗಿದ್ದ ಆ ಹೊತ್ತಿನಲ್ಲಿ ಅಗೆಯುವ ಸಪ್ಪಳವೊಂದೇ ಇತ್ತು, ಪೂಜೆಯ ಹೊತ್ತಿಗೆ ಗರ್ಭಗುಡಿಯ ಒಳಗಿನಿಂದ ಬರುವ ಸಪ್ಪಳದಂತೆ.

ಹಾಕಿದ ಮಣ್ಣೆಲ್ಲ ಮೇಲೆ ಬಂತು. ಮುರಗೆಪ್ಪನ ಕೈಗೆ ನುಣುಪಾದದ್ದೇನೋ ತಾಗಿತು. ಲಾಳಿ. ಅದನ್ನು ಎತ್ತಿ ನೋಡಿದ. ಹೆಬ್ಬೆರಳು ತಾನಾಗಿ ಅದರ ಬೆನ್ನ ಮೇಲೆ ಆಡಿತು. ಅಲ್ಲಿಗೆ ಮುಗಿಯಿತು, ಇನ್ನು ಅವನಿಗೆ ಎಚ್ಚರವಾಗುತ್ತದೆ ಎಂದು ಎಲ್ಲರೂ ಉಸಿರು ಹಿಡಿದರು. ಅವನು ಲಾಳಿಯನ್ನು ದೊಡ್ಡಪ್ಪನ ಕೈಗೆ ಕೊಟ್ಟ. "ಹಿಡೀರಿ. ಕಾಲಾಗ ತುಳಿಸಬ್ಯಾಡ್ರಿ," ಎಂದ. ಮತ್ತೆ ಬಗ್ಗಿ ಅಗೆಯತೊಡಗಿದ. ಅಜ್ಜ ತೋಡಿದ ಕುಣಿಯ ತಳವನ್ನೂ ದಾಟಿ, ಯಾರ ಗುದ್ದಲಿಯೂ ಮುಟ್ಟದ ಮಣ್ಣಿಗೆ ಇಳಿದ.

ಆಳುಗಳಲ್ಲಿ ಒಬ್ಬ ಓಡಿಹೋಗಿ ಗುದ್ದಲಿ ತಂದು ಚಾಚಿದ. ಮುರಗೆಪ್ಪ ಅದನ್ನು ಸರಿಸಿದ.

"ಬ್ಯಾಡ. ಕಬ್ಬಿಣ ಐತಿ. ಅಂವಗ ತಾಗತೈತಿ."

ಆ ಮಾತು ಕೇಳಿ ಗೋಡೆಗುಂಟ ನಿಂತವರು ಒಬ್ಬೊಬ್ಬರಾಗಿ ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದರು. ಯಾರೂ ಹೇಳಿರಲಿಲ್ಲ. ಇಷ್ಟು ದಿನ ತಾವು ದೆವ್ವವೆಂದು ಕರೆದದ್ದು ಇದನ್ನೇ ಎಂದು ಅವರಿಗೆ ಹೊಳೆದಿರಬೇಕು. ಮನುಷ್ಯನೊಳಗೆ ಇಂಥದ್ದೊಂದು ಇರುತ್ತದೆ. ದೇವರು ಅದನ್ನು ಯಾವಾಗಲೋ ಒಮ್ಮೆ ತೆರೆದು ತೋರಿಸುತ್ತಾನೆ, ಕಂಡವರು ಕಣ್ಣು ತಗ್ಗಿಸುತ್ತಾರೆ.

ಮಗ್ಗದ ಕಟ್ಟಿಗೆಯ ತುಳಿಪಟ್ಟಿಯನ್ನೇ ಕಿತ್ತು ಹಿಡಿದು ಮುರಗೆಪ್ಪ ಎರೆಮಣ್ಣನ್ನು ಬಿಡಿಸಿದ, ಕೈಯಿಂದ ಬುಟ್ಟಿಗೆ ತುಂಬಿದ. ಸೊಂಟದಾಳ ಆಯಿತು, ಎದೆಯಾಳ ಆಯಿತು. ಮೇಲಿಂದ ಬುಟ್ಟಿ ಹೊಳೆವ್ವನ ಕೈಗೆ ಎಟುಕದಾಯಿತು. ಆಗ ಗಿರಿಮಲ್ಲಪ್ಪ ಲಾಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಹೆಗಲ ಮೇಲಿದ್ದ ಹೊಸ ಹಗ್ಗವನ್ನು ತೆಗೆದು, ಅದರ ತುದಿಯನ್ನು ಬುಟ್ಟಿಯ ಕಿವಿಗೆ ಕಟ್ಟಿದ. "ಜಗ್ಗರ್ಲೇ," ಎಂದು ಆಳುಗಳಿಗೆ ಹೇಳಿ ತಾನೂ ಒಂದು ಕೈ ಹಾಕಿದ. ಬಂದ ಬುಟ್ಟಿಯನ್ನು ಸುಂದರವ್ವ ತಲೆಯ ಮೇಲೆ ಹೊತ್ತಳು.

"ನಾ ಬಾವಿ ಕೇಳಿದ್ದೆ," ಎಂದಳು ಮೆಲ್ಲಗೆ. ಯಾರೂ ನಗಲಿಲ್ಲ. ಅವಳೇ ಅಳುತ್ತಿದ್ದಳು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಎರೆಮಣ್ಣು ಮುಗಿದು ಗಟ್ಟಿ ಗರಸು ಹತ್ತಿತು. ಎಂದೂ ಯಾರೂ ಅಲುಗಿಸದ, ಒಂದೇ ಹಾಸಿನಂತಿದ್ದ ನೆಲ. ಮುರಗೆಪ್ಪ ಅಂಗೈಯನ್ನು ಅದರ ಮೇಲೆ ಚಪ್ಪಟೆಯಾಗಿ ಇಟ್ಟ. ಆ ಮೂಲೆ, ಈ ಮೂಲೆ ಸವರಿದ. ಕೊನೆಗೆ ಮುಖ ಮೇಲೆತ್ತಿದ.

"ಇಲ್ಲಿ ಇಲ್ಲ ಅಂವ," ಎಂದ.

ಹೊಳೆವ್ವ ಅಂಚಿಗೆ ಬೋರಲಾಗಿ ಮಲಗಿ ಅವನ ಮುಖದ ಹತ್ತಿರಕ್ಕೆ ಬಂದಳು. "ಮತ್ತ ಎಲ್ಲಿ ಅದಾನ್ರಿ?"

"ಅಲ್ಲೇ ಅದಾನ. ಬಸ್ರಾದ ಆಚಿ, ಹೊಳೀ ದಂಡ್ಯಾಗ." ಅವನು ಉಸಿರು ಬಿಟ್ಟ. "ಅಂವನ ಅವ್ವ ತೇರದಾಳದಾಗ ಅದಾಳ. ಅಕ್ಕಮ್ಮ ಅಂತ. ನಾ ಆಕೀಗೆ ಹೇಳಿಲ್ಲ."

ಗಿರಿಮಲ್ಲಪ್ಪ ಬುಟ್ಟಿಯ ಗಂಟು ಬಿಚ್ಚಿ ಹಗ್ಗವನ್ನು ಒಳಗೆ ಇಳಿಬಿಟ್ಟ. ಕಟ್ಟಲೆಂದು ತಂದ ಹಗ್ಗವನ್ನು ಮುರಗೆಪ್ಪ ತನ್ನ ಕೈಯಿಂದ ತಾನೇ ಹಿಡಿದುಕೊಂಡ, ಗೋಡೆಗೆ ಕಾಲು ಕೊಟ್ಟು ಮೇಲೆ ಹತ್ತಿದ. ಮುದುಕ ಸೊಂಟದ ಲಾಳಿಯನ್ನು ತೆಗೆದು ಜಗುಲಿಯ ಮೇಲೆ ದೇವರ ಪಕ್ಕಕ್ಕಿಟ್ಟ. ಹೊರಗೆ ಹೋಗಿ ಚಕ್ಕಡಿಯ ಎತ್ತು ಬಿಚ್ಚಿದ.

ಗಂಡ ಹೆಂಡತಿ ಅಂದೇ ತೇರದಾಳಕ್ಕೆ ನಡೆದೇ ಹೋದರು. ಬನಹಟ್ಟಿಯಿಂದ ಬಹಳ ದೂರವಲ್ಲ. ಎರಡು ವರ್ಷದಿಂದ ಅವನು ಹೋಗಲಾರದೆ ಉಳಿದ ದಾರಿ ಅದು. ಅವನು ಮುಂದೆ, ಅವಳು ಹಿಂದೆ. ಜೋಳದ ಹೊಲಗಳಲ್ಲಿ ಗುಬ್ಬಿ ಓಡಿಸುವವರು ಕವಣೆ ಬೀಸಿದಾಗ ಅವನು ಬೆಚ್ಚಿ ಬದುವಿನ ಮರೆಗೆ ಕೂತ. ಹೊಳೆವ್ವ ತಾನೂ ಪಕ್ಕಕ್ಕೆ ಕೂತಳು. ಅವನು ಎದ್ದಾಗ ಎದ್ದಳು.

ಅಕ್ಕಮ್ಮನ ಮನೆ ಬಸದಿಯ ಹಿಂದಿನ ಓಣಿಯಲ್ಲಿತ್ತು. ಬಿಳಿ ಸೀರೆಯ ಮುದುಕಿ ಅಂಗಳದಲ್ಲಿ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ಕಾಣದ ಜೀವಕ್ಕೂ ನೋವಾಗಬಾರದೆಂದು ಜೈನರ ಮನೆಯಲ್ಲಿ ಹಾಗೆ ಸೋಸುತ್ತಾರೆ. ಮಣ್ಣು ಮೆತ್ತಿದ ಇಬ್ಬರನ್ನು ಕಂಡು ಕೈ ನಿಲ್ಲಿಸಿದಳು.

"ಯಾರಪ್ಪಾ?"

"ಅವ್ವಾ, ನಾ ಬನಹಟ್ಟಿ ಮುರಗೆಪ್ಪ. ಬಂಡೂನ ಜೋಡಿ ಇದ್ದಾಂವ."

ಮುದುಕಿ ಕೆಳಗೆ ಕೂತಳು. ಮಗ ಬಸ್ರಾದಲ್ಲಿ ತೀರಿದನೆಂಬ ಒಂದು ಸಾಲಿನ ಸುದ್ದಿ ಬಿಟ್ಟರೆ ಅವಳಿಗೆ ಏನೂ ಬಂದಿರಲಿಲ್ಲ. ಮುರಗೆಪ್ಪ ನಿಂತೇ ಹೇಳಿದ. ಎಲ್ಲೂ ತಡವರಿಸಲಿಲ್ಲ.

"ಕಂದಕದಾಗ ಇದ್ವಿ. ದಂಡಿ ಕುಸದು ಅಂವನ ಮ್ಯಾಲ ಬಿತ್ತು. ನಾ ಕೈಲೇ ಅಗದೆ ಅವ್ವಾ. ಅಂವನ ಕೂದಲ ಕಂಡಿತ್ತು. ಅಷ್ಟರಾಗ ಗುಂಡು ಬರಾಕತ್ತುವು. ನಮ್ಮವರ ನನ್ನ ಎರಡೂ ಕೈ ಹಿಡದು ಎಳಕೊಂಡ ಹೋದ್ರು. ನಾ ಅಂವನ್ನ ಬಿಟ್ಟ ಬಂದೆ."

ಹೊಳೆವ್ವ ಅವನ ಕೈಗಳನ್ನು ನೋಡಿದಳು. ಕೈ ಹಿಡಿಯಲು ಬಿಡಬೇಡ ಎಂದದ್ದು ಯಾಕೆಂದು ಈಗ ತಿಳಿಯಿತು.

ಅಕ್ಕಮ್ಮ ಅಳಲಿಲ್ಲ. ಕೊಡದ ಬಾಯಿಯ ಬಟ್ಟೆಯನ್ನು ಬಿಚ್ಚಿ, ಸೋಸಿದ ನೀರಿನಲ್ಲಿ ಜಾಲಿಸಿ, ಹಿಂಡಿ, ಮೊಳೆಗೆ ಹಾಕಿ ಬಂದಳು.

"ಅಗಿಯೂ ಮುಂದ ನೀ ಬಾಯಿಲೆ ಏನರ ಅಂತಿದ್ದೇನಪಾ?" ಎಂದು ಕೇಳಿದಳು.

"ಬಂದೆ ಬಂಡೂ, ಬಂದೆ ಅಂತಿದ್ದೆ."

"ಹಂಗಾರ ಅಂವಗ ಕೇಳಿರತೈತಿ. ನಿನ್ನ ದನೀನೂ ಕೇಳಿರತೈತಿ, ಅಗಿಯೂ ಸಪ್ಪಳಾನೂ ಕೇಳಿರತೈತಿ." ಮುದುಕಿಯ ದನಿ ಬಸದಿಯ ಗಂಟೆ ನಿಂತ ಮೇಲೆ ಉಳಿಯುವ ಝೇಂಕಾರದಂತೆ ಸಣ್ಣಗಿತ್ತು. "ನನ್ನ ಮಗ ಪರದೇಶದಾಗ ಒಬ್ಬನ ಹೋದ ಅಂತ ತಿಳಕೊಂಡ ಕುಂತಿದ್ದೆ ನಾ. ಒಬ್ಬನ ಹೋಗಿಲ್ಲ ಅಂವ. ಯಾರೋ ಬರಾಕತ್ತಾರ ಅನ್ನೂದು ಕೇಳಕೋತ ಹೋಗ್ಯಾನ."

ಮುರಗೆಪ್ಪ ಅಲ್ಲೇ ಕುಸಿದು, ಮುದುಕಿಯ ಪಾದದ ಮೇಲೆ ಹಣೆಯಿಟ್ಟ. ಅವನ ಬೆನ್ನು ಅಲುಗುತ್ತಿತ್ತು. ಅವನು ಅಳುವುದನ್ನು ಹೊಳೆವ್ವ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಅವಳು ಹತ್ತಿರ ಹೋಗಲಿಲ್ಲ, ನಿಂತಲ್ಲೇ ಕೈಮುಗಿದಳು. ಯಾರಿಗೆಂದು ಅವಳಿಗೇ ಗೊತ್ತಿರಲಿಲ್ಲ.

ಅಕ್ಕಮ್ಮ ಅವನ ಕೈಗಳನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಉಗುರಿನ ಸಂದಿಯ ಮಣ್ಣನ್ನು ಒಂದೊಂದಾಗಿ ತೊಳೆದಳು. ಆಮೇಲೆ ಪಡುವಣ ಕಡೆ ನೋಡಿದಳು.

"ಹೊತ್ತು ಮುಳಗಾಕ ಬಂತು. ಮುಳಗಿದ ಮ್ಯಾಲ ನಮ್ಮ ಮನ್ಯಾಗ ಉಣ್ಣೂದಿಲ್ಲ. ಏಳ್ರಿ, ಒಳಗ ಬರ್ರಿ."

ಬಾಗಿಲು ಗಿಡ್ಡದು. ಮೇಲೆ ಮಣ್ಣಿನ ಮಾಳಿಗೆ, ಒಳಗೆ ಕತ್ತಲೆ. ಮುರಗೆಪ್ಪ ಹೊಸ್ತಿಲಲ್ಲಿ ನಿಂತ. ಹೊಳೆವ್ವ ಹಿಂದಿನಿಂದ ನೂಕಲಿಲ್ಲ, ಕರೆಯಲಿಲ್ಲ, ಉಸಿರನ್ನೂ ಗಟ್ಟಿಯಾಗಿ ಬಿಡಲಿಲ್ಲ. ಅವನು ತಲೆ ಬಗ್ಗಿಸಿದ, ಒಳಗೆ ಹೋದ. ಬೆಳಕು ಬೀಳುವಲ್ಲಿ, ಬಾಗಿಲಿಗೆ ಹತ್ತಿ ಕೂತ. ಕಣ್ಣು ಜಂತಿಗಳ ಮೇಲೇ ಇತ್ತು. ಸಾರಿಸಿದ ನೆಲದ ಮೇಲೆ ಅವನ ಬಲಗೈಯ ಬೆರಳುಗಳು ಮೆಲ್ಲಗೆ ಕೆದರತೊಡಗಿದವು.

ಅಕ್ಕಮ್ಮ ಅದನ್ನು ನೋಡಿದಳು. ಬಿಸಿ ರೊಟ್ಟಿಯೊಂದನ್ನು ಮುರಿದು ಆ ಕೈಯಲ್ಲೇ ಇಟ್ಟಳು.

"ಉಣ್ಣ ನನ್ನಪ್ಪಾ. ಇನ್ನೂ ಹೊತ್ತೈತಿ."